ಭಾವಯಿತ್ರೀ ಪ್ರತಿಭೆಯ ಒಂದು ಉದಾಹರಣೆ

ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಎರಡು ಬಗೆಯಾಗಿ ವಿಂಗಡಿಸಿರುವನು. ಮೊದಲನೆಯದು ಕೃತಿಯನ್ನು ರಚಿಸುವವನಿಗೆ ನೆರವಾಗುವುದು. ಎರಡನೆಯದು ಅದನ್ನು ಅರಿತು ಆಸ್ವಾದಿಸುವವನಿಗೆ. ಭಾವಕನು ಇಲ್ಲದಿದ್ದರೆ ಕವಿಯ ಪರಿಶ್ರಮವೆಂಬ ಮರವು ಬಂಜೆಯಾಗಿಯೇ ನಿಲ್ಲುವುದೆಂಬುದು ಆತನ ಅಭಿಪ್ರಾಯ. ಮೊದಲನೆಯ ಪ್ರತಿಭೆಯನ್ನು ಕುರಿತು ನಮ್ಮವರೂ ಪರರೂ ಬೇಕಾದಷ್ಟು ಬರೆದಿರುವರು. ಎರಡನೆಯದನ್ನು ಕುರಿತು ವಿಚಾರಮಾಡುವುದಕ್ಕೆ ಸಾಮಗ್ರಿಯೇ ಕಡಮೆ. ಏಕೆಂದರೆ ಭಾವಕನು ಸಾಮಾನ್ಯವಾಗಿ ತಲೆದೂಗಿ ಮನೆಗೆ ಹೋಗಿಬಿಡುವನೇ ಹೊರತು ತಾನು ಹೇಗೆ ಮೆಚ್ಚಿದೆನೆಂಬುದನ್ನು ಬರೆದಿಡುವುದಿಲ್ಲ. ಹಾಗೆ ಬರೆದಿಟ್ಟ ವಿರಳರಲ್ಲಿ ಅಮೆರಿಕಾ ದೇಶದ ನ್ಯೂಯಾರ್ಕ್ ನಗರದ ಲೂಯಿಸೀನ್ ಹ್ಯಾವ್‌ಮೈಯರ್ ಎಂಬಾಕೆಯು ಒಬ್ಬಳು. ಈಕೆಯ ಬರವಣಿಗೆಯನ್ನೂ, ಅದರಿಂದ ಬೇರ್ಪಡಿಸಲಾಗದ ಈಕೆಯ ನಡತೆಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈಕೆ ಬರೆದುದು ಎರಡು ತೆರನಾಗಿರುವುದು. ಒಂದು, ‘ಹದಿನಾರರಿಂದ ಅರುವತ್ತರವರೆಗೆ’ ಎಂಬ ಅರ್ಥದ ಹೆಸರಿನ ಸ್ಮರಣಗ್ರಂಥ. ಇದು ಆಕೆ ತೀರಿಹೋಗಿ ಮೂವತ್ತೆರಡು ವರ್ಷಗಳಾದ ಮೇಲೆ, 1961ರಲ್ಲಿ, ಖಾಸಗಿಯಾಗಿ ಅಚ್ಚಾಯಿತು. 1993ರಲ್ಲಿ ಟಿಪ್ಪಣಿಗಳೊಡನೆ ಮತ್ತೆ ಹೊರಬಂದಿತು. ಇನ್ನೊಂದು, 1922ರಲ್ಲಿ ಸ್ಕ್ರಿಬ್ನರ್ಸ್ ಮಾಸಪತ್ರಿಕೆಯಲ್ಲಿ ಪ್ರಕಟವಾದ ಎರಡು ಲೇಖನಗಳು. ಗ್ರಂಥದ ವಿಷಯವು ಚಿತ್ರಗಳು ಮತ್ತು ಚಿತ್ರಕಾರರು; ಲೇಖನಗಳ ವಿಷಯವು ಸ್ತ್ರೀಯರ ಮತಾಧಿಕಾರಕ್ಕಾಗಿ ನಡೆದ ಹೋರಾಟ ಮತ್ತು ಆಕೆಯ ಸೆರೆಮನೆವಾಸ. ಚಿತ್ರಕಲೆಯ ಇತಿಹಾಸಕಾರರು ಮೊದಲನೆಯದನ್ನು ಓದುವರು, ರಾಜಕೀಯ ಇತಿಹಾಸಕಾರರು ಎರಡನೆಯದನ್ನು ಓದುವರು. ಒಂದೇ ಮನಸ್ಸಿನಿಂದ ಹೊರಟ ಈ ಎರಡನ್ನೂ ಕೂಡಿಸಿ ಓದದೆ ಈಕೆಯ ಯೋಗ್ಯತೆಯನ್ನು ತೂಗುವುದು ಸರಿಯಲ್ಲವೆಂದು ನಮಗೆ ತೋರುವುದು.

ಗ್ರಂಥದ ಹೆಸರಿನಲ್ಲಿರುವ ಹದಿನಾರನ್ನು ಗಣಿತವೆಂದು ತಿಳಿಯದೆ ಕಾವ್ಯವೆಂದು ತಿಳಿಯಬೇಕು. ಈಕೆ ಹುಟ್ಟಿದ್ದು 1855ರಲ್ಲಿ; ತಂದೆ ಎಲ್ಡರ್ ಎಂಬ ಸಕ್ಕರೆಯ ವ್ಯಾಪಾರಿ. ಆತನು 1873ರಲ್ಲಿ ಮೃತನಾದ ಮೇಲೆ ತಾಯಿಯು ಮಕ್ಕಳನ್ನು ಕರೆದುಕೊಂಡು ಯುರೋಪಿಗೆ ಹೋದುದು 1874ರಲ್ಲಿ. ಪ್ಯಾರಿಸಿನಲ್ಲಿ ಈಕೆಗೆ ಮೇರಿ ಕ್ಯಾಸಟ್ ಎಂಬ ಅಮೆರಿಕದ ಚಿತ್ರಕರ್ತ್ರಿಯ ಪರಿಚಯವಾಯಿತು. ಕ್ಯಾಸಟ್ಟಳು ಈಕೆಗಿಂತ ಹನ್ನೊಂದು ವರ್ಷ ಹಿರಿಯಳು. ಗುರುವೂ ಹೌದು, ಗೆಳತಿಯೂ ಹೌದು.

1877ರ ಸುಮಾರಿನಲ್ಲಿ ನಡೆದ ಒಂದು ಸಂಗತಿಯು ಗ್ರಂಥದಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು. ದೆಗಾ ಎಂಬ ಫ್ರೆಂಚ್ ಚಿತ್ರಕಾರನ ಕೃತಿಯೊಂದು, ನರ್ತಕಿಯರು ಅಭ್ಯಾಸಮಾಡುತ್ತಿರುವುದನ್ನು ಬಣ್ಣದ ಕಡ್ಡಿಗಳಿಂದ ತೋರಿಸಿದ ಚಿತ್ರ, ಅಂಗಡಿಯಲ್ಲಿ ಮಾರಾಟಕ್ಕಿದ್ದಿತು. ಅದನ್ನು ಕೊಳ್ಳೆಂದು ಕ್ಯಾಸಟ್ಟಳು ಹೇಳಿದಳು. ಬೆಲೆ 500 ಫ್ರಾಂಕು, ಎಂದರೆ ಆಗಿನ ನೂರು ಡಾಲರು. ಅಷ್ಟು ಹಣ ತನ್ನಲ್ಲಿಲ್ಲದೆ ಲೂಯಿಸೀನಳು ತನ್ನ ಸೋದರಿಯರ ಕೈಖರ್ಚಿನ ಹಣವನ್ನೂ ಸೇರಿಸಿ ಅದನ್ನು ಕೊಂಡಳು. ತನಗೆ ಆ ಚಿತ್ರವು ಹಿಡಿಸಿತೋ ಇಲ್ಲವೋ ಎಂಬುದೇ ಆಗ ತಿಳಿಯಲಿಲ್ಲವೆಂದು ಆಕೆಯೇ ಬರೆದಿರುವಳು. ಈ ಮಾತನ್ನು ವಾಚಕರು ಗಮನಿಸಬೇಕು. ತಾವು ಮೊದಲ ನೋಟದಲ್ಲಿಯೇ ಎಲ್ಲವನ್ನೂ ಗ್ರಹಿಸಿದೆವೆಂದು ಹೇಳಿಕೊಳ್ಳುವ ರಸಿಕರೇ ಲೋಕದಲ್ಲಿ ಹೆಚ್ಚು. ನಮ್ಮ ಪಾಠಶಾಲೆಗಳಲ್ಲಿ ಅಮರವನ್ನೂ ಶಬ್ದವನ್ನೂ ಅರ್ಥ ತಿಳಿಯುವುದಕ್ಕೆ ಮೊದಲೇ ಕಂಠಪಾಠಮಾಡಿಸುತ್ತಿದ್ದುದನ್ನು ಇಂದಿನವರು ಹಳಿಯುವರು. ಆದರೆ ಶ್ರದ್ಧೆಯು ಮುಂದಾಗಿ ತಿಳಿವಳಿಕೆಯು ಹಿಂದಿನಿಂದ ಬರುವ ದಾರಿಯೊಂದು ಇದ್ದೇ ಇರುವುದು. ಬಲ್ಲವರ ಮಾತನ್ನು ನಂಬಿ ಕೊಂಡು, ಕೊಂಡುದನ್ನು ಎದುರಿಗಿಟ್ಟುಕೊಂಡು ವರ್ಷಗಟ್ಟಲೆ ನೋಡಿ, ನೋಡಿದುದರಿಂದ ಕಣ್ಣನ್ನು ಬೆಳಸಿಕೊಂಡವಳು ಈಕೆ. ಆ ಕಾಲದಲ್ಲಿ ದೆಗಾನು ಹಣಕ್ಕೆ ಬಹಳ ಕಷ್ಟಪಡುತ್ತಿದ್ದನೆಂಬುದು ಈಕೆಗೆ ಅನಂತರ ತಿಳಿಯಿತು. ಚಿತ್ರವು 1878ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತೂಗಿತು. ಅಮೆರಿಕದವರು ತಮ್ಮ ನೆಲದಲ್ಲಿ ಕಂಡ ದೆಗಾನ ಮೊದಲ ಕೃತಿಯೇ ಅದು. ಈಗ ಅದು ಕ್ಯಾನ್ಸಸ್ ಸಿಟಿಯ ನೆಲ್ಸನ್-ಅಟ್ಕಿನ್ಸ್ ಚಿತ್ರಶಾಲೆಯಲ್ಲಿರುವುದು.

ಬರವಣಿಗೆಯ ದೃಷ್ಟಿಯಿಂದ ಗ್ರಂಥದ ಗುಣವೆಂದರೆ ಮನುಷ್ಯರನ್ನು ಮಾತನಾಡಿಸುವ ಶಕ್ತಿ. ದೆಗಾನ ಮನೆಗೆ ಹೋದುದು, ಲಂಡನ್ನಿನಲ್ಲಿ ವಿಸ್ಲರನನ್ನು ಕಂಡು ಐದು ಸಣ್ಣ ಚಿತ್ರಗಳನ್ನು ತಂದುದು, ಕೂರ್ಬೆಯ ಚಿತ್ರಗಳನ್ನು ಮೆಚ್ಚಲು ಕ್ಯಾಸಟ್ಟಳಿಂದ ಕಲಿತುದು, ಇವೆಲ್ಲ ಮನೆಯ ಹಿರಿಯಳೊಬ್ಬಳು ಜಗಲಿಯಲ್ಲಿ ಕುಳಿತು ಹೇಳುವಂತೆ ಸಾಗುವುವು. ನರ್ತಕಿಯರನ್ನೇ ಏಕೆ ಬರೆಯುವಿರೆಂದು ಕೇಳಿದುದಕ್ಕೆ, ಪ್ರಾಚೀನ ಗ್ರೀಕರ ಅಂಗಚಲನೆಯಲ್ಲಿ ನಮಗೆ ಉಳಿದಿರುವುದು ಅಷ್ಟೇ ಎಂಬರ್ಥದಲ್ಲಿ ದೆಗಾನು ಕೊಟ್ಟ ಉತ್ತರವನ್ನು ಈಕೆ ಉಳಿಸಿಟ್ಟಿರುವಳು. ಕಾಲಕ್ರಮವಿಲ್ಲದಿರುವುದೂ, ಮೆಚ್ಚಿದುದನ್ನು ಅತಿಯಾಗಿ ಮೆಚ್ಚುವುದೂ ದೋಷಗಳು. ಈ ದೋಷಗಳು ಸಹ್ಯವಾದವು.

ಸಹ್ಯವಲ್ಲದ ಮೌನವೊಂದಿರುವುದು, ಅದನ್ನು ಹೇಳದೆ ಮುಂದೆ ಹೋಗುವುದು ವಿಮರ್ಶೆಯ ಧರ್ಮವಲ್ಲ. ಲೂಯಿಸೀನಳು 1883ರಲ್ಲಿ ಹೆನ್ರಿ ಆಸ್‌ಬೋರ್ನ್ ಹ್ಯಾವ್‌ಮೈಯರನನ್ನು ಮದುವೆಯಾದಳು. ಆತನು ಸಕ್ಕರೆಯನ್ನು ಶುದ್ಧಿಮಾಡುವ ಕಾರ್ಖಾನೆಗಳ ಒಡೆಯ. 1887ರಲ್ಲಿ ಆತನು ಇತರ ಕಾರ್ಖಾನೆಗಳವರನ್ನು ಕೂಡಿಸಿ ಕಟ್ಟಿದ ಕೂಟವು ಕೆಲವೇ ವರ್ಷಗಳಲ್ಲಿ ಆ ದೇಶದ ಸಕ್ಕರೆಯ ಶುದ್ಧೀಕರಣವನ್ನು ಬಹುಮಟ್ಟಿಗೆ ಪೂರ್ತಿಯಾಗಿ ತನ್ನ ಕೈಯೊಳಗೆ ಇಟ್ಟುಕೊಂಡಿತು. 1895ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ವ್ಯಾಜ್ಯ ಹೋಗಿ ಕೂಟದವರೇ ಗೆದ್ದರು. 1907ರಲ್ಲಿ ಬ್ರೂಕ್ಲಿನ್ನಿನ ಬಂದರುಕಟ್ಟೆಯಲ್ಲಿ ಸುಂಕದ ಅಧಿಕಾರಿಗಳು ಕೂಟದ ಕಚ್ಚಾ ಸಕ್ಕರೆಯನ್ನು ತೂಗುವ ಯಂತ್ರಗಳನ್ನು ಪರೀಕ್ಷಿಸಿದಾಗ, ತೂಕವನ್ನು ಕಡಮೆಯಾಗಿ ತೋರಿಸುವ ಗುಪ್ತವಾದ ಸಾಧನವನ್ನು ಕಂಡರು. ಆ ವರ್ಷದ ಡಿಸೆಂಬರಿನಲ್ಲಿಯೇ ಹೆನ್ರಿಯು ತೀರಿಕೊಂಡನು. 1909ರಲ್ಲಿ ಕಂಪೆನಿಯವರು ಸರಕಾರಕ್ಕೆ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಕಟ್ಟಬೇಕಾಯಿತು. ಸ್ಮರಣಗ್ರಂಥದಲ್ಲಿ ಬರುವ ಹೆನ್ರಿಯಾದರೋ ಪಿಟೀಲು ನುಡಿಸುವವನು, ಜಪಾನಿನ ರೇಷ್ಮೆಯನ್ನೂ ಚೀನದ ಪಾತ್ರೆಗಳನ್ನೂ ಪ್ರೀತಿಸುವವನು, ರೆಂಬ್ರಾಂಟನ ಚಿತ್ರಗಳನ್ನು ಪುಸ್ತಕಶಾಲೆಯ ಗೋಡೆಗೆ ತೂಗಹಾಕಿದವನು. ಹೆಂಡತಿಯು ಗಂಡನ ಗುಣವನ್ನು ಹೇಳಿದುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ತಕ್ಕಡಿಯು ಇಲ್ಲದ ಸಕ್ಕರೆಯ ಕಥೆಯನ್ನು ಓದಿದವನಿಗೆ, ಅಷ್ಟೊಂದು ಚಿತ್ರಗಳು ಆ ಮನೆಗೆ ಹೇಗೆ ಬಂದುವೆಂಬುದರಲ್ಲಿ ಅರ್ಧ ಮಾತ್ರ ತಿಳಿದಂತಾಗುವುದು. ಆ ಕೂಟದ ಸಕ್ಕರೆಯನ್ನು ದುಡ್ಡು ಕೊಟ್ಟು ಕೊಂಡ ಸಂಸಾರಗಳೆಲ್ಲವೂ ಈ ಸಂಗ್ರಹಕ್ಕೆ ಒಂದೊಂದು ಕಾಸನ್ನು ಸಲ್ಲಿಸಿರುವುವು.

ಹಾಗಾದರೆ ಇಂಥ ಧನದಿಂದಾದ ರಸಿಕತೆಗೆ ಬೆಲೆಯುಂಟೆ? ಉಂಟು, ಆದರೆ ಅದನ್ನು ಕೊಂಡುಕೊಳ್ಳುವುದರಲ್ಲಿ ಹುಡುಕಬಾರದು. ಇದನ್ನು ವಿವರಿಸುವುದಕ್ಕೆ ಮತ್ತೆ ರಾಜಶೇಖರನನ್ನೇ ಆಶ್ರಯಿಸೋಣ. ಆತನು ಭಾವಕರನ್ನು ನಾಲ್ಕು ಬಗೆಯಾಗಿ ಹೇಳಿರುವನು. ಯಾವುದೂ ರುಚಿಸದವನು ಅರೋಚಕಿ. ಹುಲ್ಲನ್ನೂ ಕಾಳನ್ನೂ ಒಟ್ಟಿಗೆ ತಿನ್ನುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡರೂ ಅಸೂಯೆಯಿಂದ ಬಾಯಿಬಿಡದವನು ಮತ್ಸರಿ. ತತ್ತ್ವವನ್ನು ಹಿಡಿದು ಅದರಲ್ಲಿಯೇ ಮನಸ್ಸನ್ನು ನಿಲ್ಲಿಸುವವನು ತತ್ತ್ವಾಭಿನಿವೇಶಿ, ಇಂಥವನು ಸಾವಿರಕ್ಕೊಬ್ಬನು. ಧನಿಕರಾದ ಸಂಗ್ರಾಹಕರಲ್ಲಿ ಹೆಚ್ಚಿನವರು ಮತ್ಸರಿಗಳು. ಒಳ್ಳೆಯದು ತನ್ನ ಗೋಡೆಯ ಮೇಲೆಯೇ ಇರಬೇಕು, ಪಕ್ಕದವನ ಗೋಡೆಯ ಮೇಲೆ ಇರಬಾರದು ಎಂಬುದೇ ಅವರ ರಸಜ್ಞಾನ. ಲೂಯಿಸೀನಳ ಸಂಗ್ರಹದಲ್ಲಿಯೂ ಹುಲ್ಲು ಬೆರೆತಿದ್ದಿತು. 1901ರಲ್ಲಿ ಗಂಡಹೆಂಡಿರು ಕ್ಯಾಸಟ್ಟಳೊಡನೆ ಇಟಲಿ, ಸ್ಪೇನ್ ದೇಶಗಳನ್ನು ಸುತ್ತಿದರು. ಇಟಲಿಯಿಂದ ದೊಡ್ಡ ಹೆಸರುಗಳೊಡನೆ ತರಿಸಿದ ಹಲವು ಹಳೆಯ ಚಿತ್ರಗಳು ಆ ಚಿತ್ರಕಾರರವಲ್ಲವೆಂದು ಪಂಡಿತರು ಅನಂತರ ನಿರ್ಣಯಿಸಿರುವರು. ಸ್ಪೇನಿನಲ್ಲಿ ಆದುದೇ ಬೇರೆ. ಎಲ್ ಗ್ರೆಕೋ ಎಂಬ ಹಳೆಯ ಚಿತ್ರಕಾರನನ್ನು ಅಮೆರಿಕದ ಸಂಗ್ರಾಹಕರು ಇನ್ನೂ ಅರಸತೊಡಗದಿದ್ದ ಕಾಲದಲ್ಲಿ ಇವರು ಅವನನ್ನು ಹಿಡಿದರು. ಟೊಲೇಡೋ ನಗರದ ಮೇಲೆ ಬಿರುಗಾಳಿಯ ಮುಗಿಲು ಕವಿದಿರುವ ಆತನ ಪ್ರಸಿದ್ಧವಾದ ಚಿತ್ರವು ಕೊನೆಗೆ ಈ ಮನೆಗೆ ಬಂದಿತು. ನಾವು ಅದನ್ನು ಅಚ್ಚಿನ ಪ್ರತಿಯಲ್ಲಿ ಮಾತ್ರ ನೋಡಿರುವೆವು. ಆ ಹಸುರು ಬೆಳಕು ಅಚ್ಚಿನಲ್ಲಿಯೂ ಮನಸ್ಸನ್ನು ಬಿಡುವುದಿಲ್ಲ.

ಆದರೆ ಸಾವಿರಕ್ಕೊಬ್ಬನೆಂಬ ಆ ಪಂಕ್ತಿಯಲ್ಲಿ ಈಕೆಗೆ ಸ್ಥಾನ ದೊರೆಯುವುದು ಕೊಂಡುದರಿಂದಲ್ಲ. 1915ರಲ್ಲಿ ಮಾಡಿದ ಕಾರ್ಯದಿಂದ.

ಅದಕ್ಕೆ ಮೊದಲು ರಾಜಶೇಖರನ ಇನ್ನೊಂದು ಮಾತನ್ನು ನೆನೆಯುವುದು ಉಚಿತ. ಪುರುಷರಂತೆ ಸ್ತ್ರೀಯರೂ ಕವಿಗಳಾಗಬಲ್ಲರು, ಸಂಸ್ಕಾರವು ಆತ್ಮಕ್ಕೆ ಸೇರಿದುದಲ್ಲದೆ ಸ್ತ್ರೀಪುರುಷಭೇದಕ್ಕೆ ಸೇರಿದುದಲ್ಲ ಎಂದು ಆತನು ಸಾವಿರ ವರ್ಷಗಳ ಹಿಂದೆಯೇ ಒಪ್ಪಿರುವನು. ಒಪ್ಪಿದುದಷ್ಟೇ ಅಲ್ಲ, ತನ್ನ ಹೆಂಡತಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಇತರ ಆಚಾರ್ಯರ ಮತಗಳ ಪಕ್ಕದಲ್ಲಿಯೇ ಹೆಸರು ಹೇಳಿ ಎತ್ತಿಕೊಟ್ಟಿರುವನು. ರುಚಿಯ ವಿಷಯದಲ್ಲಿ ಸ್ತ್ರೀಗೆ ಮತವುಂಟೆಂದು ಒಪ್ಪಿದವರು ರಾಜ್ಯದ ವಿಷಯದಲ್ಲಿ ಅದನ್ನು ಹೇಗೆ ನಿರಾಕರಿಸಬಲ್ಲರು? ಲೂಯಿಸೀನಳು ಈ ಪ್ರಶ್ನೆಯನ್ನು ಶಾಸ್ತ್ರದ ಮೂಲಕ ಕೇಳಲಿಲ್ಲ, ಚಿತ್ರಗಳ ಮೂಲಕ ಕೇಳಿದಳು. ಗಂಡನು ಸತ್ತ ಮೇಲೆ ಶೋಕದಲ್ಲಿ ಮುಳುಗಿದ್ದವಳನ್ನು ಮತಾಧಿಕಾರದ ಕಾರ್ಯಕ್ಕೆ ಪ್ರೇರಿಸಿದವಳೂ ಕ್ಯಾಸಟ್ಟಳೇ. 1912ರಲ್ಲಿ ಆ ಕಾರ್ಯದ ಸಹಾಯಾರ್ಥವಾಗಿ ಗೋಯಾ ಮತ್ತು ಎಲ್ ಗ್ರೆಕೋ ಇವರ ಚಿತ್ರಗಳ ಪ್ರದರ್ಶನವಾಯಿತು. 1915ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ನೋಡ್ಲರ್ ಕಂಪೆನಿಯ ಚಿತ್ರಶಾಲೆಯಲ್ಲಿ ಅದಕ್ಕಿಂತ ದೊಡ್ಡದಾದುದನ್ನು ಏರ್ಪಡಿಸಿದಳು. ಅಲ್ಲಿ ರೆಂಬ್ರಾಂಟ್, ವೆರ್ಮೀರ್, ರೂಬೆನ್ಸ್ ಮೊದಲಾದ ಹಳೆಯ ಮಹಾಶಿಲ್ಪಿಗಳ ಕೃತಿಗಳ ಜತೆಗೆ ದೆಗಾನ ಮತ್ತು ಕ್ಯಾಸಟ್ಟಳ ಕೃತಿಗಳನ್ನು ತೂಗಿಸಿದ್ದಳು. ಮೊದಲ ದಿನದ ಪ್ರವೇಶಕ್ಕೆ ಐದು ಡಾಲರು, ಅನಂತರ ಒಂದು ಡಾಲರು; ಬಂದ ಹಣವು ಮತಾಧಿಕಾರದ ಹೋರಾಟಕ್ಕೆ.

ಈ ಪ್ರದರ್ಶನವನ್ನು ಧನಸಂಗ್ರಹದ ಉಪಾಯವೆಂದು ಮಾತ್ರ ತಿಳಿದರೆ ಅದರ ಅರ್ಥ ಕೆಡುವುದು. ಜೋಡಣೆಯನ್ನು ನೋಡಿರಿ. ಜೀವಂತಳಾಗಿದ್ದ ಒಬ್ಬ ಸ್ತ್ರೀಯು ಬರೆದ ಚಿತ್ರಗಳು ದೆಗಾನ ಚಿತ್ರಗಳೊಡನೆಯೂ, ಮುನ್ನೂರು ವರ್ಷಗಳಿಂದ ಪೂಜಿತರಾದವರ ಚಿತ್ರಗಳೊಡನೆಯೂ ಒಂದೇ ಛಾವಣಿಯ ಕೆಳಗೆ ನಿಂತುವು. ಕ್ಯಾಸಟ್ಟಳ ವಸ್ತುವೋ ಬಹುಮಟ್ಟಿಗೆ ತಾಯಿ, ಮಗು, ಸ್ನಾನ, ಊಟ. ಸ್ತ್ರೀಗೆ ಮತವನ್ನು ಕೊಟ್ಟರೆ ಮನೆ ಹಾಳಾಗುವುದೆಂದು ವಾದಿಸುತ್ತಿದ್ದವರಿಗೆ, ಮನೆಯನ್ನು ಕುರಿತು ಇಷ್ಟು ಗಂಭೀರವಾಗಿ ಬರೆದವಳೇ ಮತವನ್ನು ಕೇಳುತ್ತಿರುವಳೆಂಬ ಉತ್ತರವು ಗೋಡೆಯ ಮೇಲೆಯೇ ಇದ್ದಿತು. ಇದನ್ನು ವಿರೋಧಿಗಳು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಸಾಕ್ಷಿಯುಂಟು: ಮತಾಧಿಕಾರವನ್ನು ಒಪ್ಪದ ಹಲವರು ಪ್ರದರ್ಶನದ ಕಡೆಗೆ ಸುಳಿಯಲಿಲ್ಲ, ಫಿಲಡೆಲ್ಫಿಯಾದಲ್ಲಿದ್ದ ಕ್ಯಾಸಟ್ಟಳ ಬಂಧುಗಳೇ ಬರಲಿಲ್ಲ. ಚಿತ್ರವನ್ನು ನೋಡದೆ ಇರುವುದೂ ಒಂದು ಬಗೆಯ ವಿಮರ್ಶೆ ಎಂದು ತೋರುವುದು. ಆ ದಿನ ಲೂಯಿಸೀನಳು ದೆಗಾ ಮತ್ತು ಕ್ಯಾಸಟ್ಟಳನ್ನು ಕುರಿತು ಉಪನ್ಯಾಸಮಾಡಿದಳು. ಸ್ವಾತಂತ್ರ್ಯವನ್ನು ಕುರಿತು ಬೀದಿಯಲ್ಲಿ ಮಾತನಾಡುವುದು ಸುಲಭ, ಕಲೆಯನ್ನು ಕುರಿತು ಮಾತನಾಡುವುದೇ ಕಷ್ಟವೆಂದು ಆಕೆಗೆ ತೋರಿತಂತೆ. ನಾಲ್ಕು ದಶಕಗಳ ಕಾಲ ಒಂದು ಚಿತ್ರದೊಡನೆ ಬಾಳಿದವಳ ಮಾತು ಇದು. ಇದರಲ್ಲಿ ವಿನಯವೂ ಉಂಟು, ಸತ್ಯವೂ ಉಂಟು.

ಅದೇ ವರ್ಷದ ಬೇಸಗೆಯಲ್ಲಿ ಆಕೆ ದೀವಟಿಗೆಯನ್ನು ಹಿಡಿದು ನ್ಯೂಯಾರ್ಕ್ ಸಂಸ್ಥಾನವನ್ನು ಸುತ್ತಿದಳು. ‘ಸ್ವಾತಂತ್ರ್ಯದ ದೀವಟಿಗೆ’ ಎಂದು ಅದರ ಹೆಸರು. ಆಗಸ್ಟಿನಲ್ಲಿ ಹಡ್ಸನ್ ನದಿಯ ನಡುವೆ ಎರಡು ಕಡೆಯ ಸಣ್ಣ ಹಬೆದೋಣಿಗಳು ಬಂದು ಕೂಡಿದುವು. ನ್ಯೂಯಾರ್ಕಿನ ಪರವಾಗಿ ಈಕೆ ಕೈಚಾಚಿ ದೀವಟಿಗೆಯನ್ನು ಕೊಟ್ಟಳು, ನ್ಯೂಜೆರ್ಸಿಯ ಪರವಾಗಿ ಮೈನಾ ವ್ಯಾನ್ ವಿಂಕಲ್ ಎಂಬಾಕೆ ತೆಗೆದುಕೊಂಡಳು. ದೀವಟಿಗೆಯ ಜತೆಗೆ ಇನ್ನೊಂದು ಉಪಕರಣವೂ ಈಕೆಯ ಕೈಯಲ್ಲಿದ್ದಿತು. ಸಣ್ಣ ಸಣ್ಣ ವಿದ್ಯುದ್ದೀಪಗಳನ್ನು ಜೋಡಿಸಿದ ಹಡಗಿನ ಮಾದರಿ. ‘ರಾಜ್ಯನೌಕೆ’ ಎಂದು ಅದಕ್ಕೆ ಹೆಸರು. ಕತ್ತಲಾದ ಮೇಲೆ ಉಪನ್ಯಾಸದ ನಡುವೆ ಅದು ಹೊತ್ತಿಕೊಂಡೊಡನೆ ಜನರು ಬೆರಗಾಗಿ ಸುಮ್ಮನಾಗುತ್ತಿದ್ದರು. ರಾಜ್ಯವನ್ನು ನೌಕೆಗೆ ಹೋಲಿಸುವುದು ನಮ್ಮಲ್ಲಿಯೂ ಅಲ್ಲಿಯೂ ಹಳೆಯ ರೂಪಕ, ಸವೆದ ರೂಪಕ. ಅದಕ್ಕೆ ದೀಪ ಹಚ್ಚಿ ಸಂತೆಯಲ್ಲಿ ನಿಲ್ಲಿಸುವ ಬುದ್ಧಿಯು ಕಣ್ಣಿನ ಬಲವನ್ನು ಬಲ್ಲವರಿಗೆ ಮಾತ್ರ ಬರುವುದು. ಇಷ್ಟಾದರೂ ಆ ವರ್ಷದ ಜನಮತದಲ್ಲಿ ನ್ಯೂಯಾರ್ಕಿನಲ್ಲಿಯೂ ನ್ಯೂಜೆರ್ಸಿಯಲ್ಲಿಯೂ ಸ್ತ್ರೀಯರು ಸೋತರು. ನ್ಯೂಯಾರ್ಕಿನಲ್ಲಿ ಗೆದ್ದುದು 1917ರಲ್ಲಿ.

ಸೆರೆಮನೆಯ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1919ರ ಫೆಬ್ರವರಿ 9ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ವಿಲ್ಸನನ ಪ್ರತಿಕೃತಿಯನ್ನು ಸುಟ್ಟ ಸ್ತ್ರೀಯರ ಗುಂಪಿನಲ್ಲಿ ಈಕೆಯೂ ಇದ್ದು ಬಂಧಿತಳಾದಳು. ಆಗ ಅರುವತ್ತಮೂರು ವರ್ಷ. ಐದು ಡಾಲರು ಜುಲ್ಮಾನೆ ಇಲ್ಲವೆ ಐದು ದಿನ ಸೆರೆ ಎಂದು ತೀರ್ಪಾಯಿತು. ಐದು ಡಾಲರನ್ನು ಚಿತ್ರಶಾಲೆಯ ಬಾಗಿಲಲ್ಲಿ ಇತರರಿಂದ ತೆಗೆದುಕೊಂಡವಳು ಇಲ್ಲಿ ತಾನು ಕೊಡಲೊಪ್ಪದೆ ಸೆರೆಮನೆಗೆ ಹೋದಳು. ಬಂಧುವರ್ಗದವರಿಂದ ಕೋಪದ ತಂತಿಗಳು ಬಂದುವು. ಅನಂತರ ಸೆರೆಮನೆಯನ್ನು ಕಂಡುಬಂದ 26 ಮಂದಿ ಸ್ತ್ರೀಯರು ‘ಸೆರೆಮನೆಯ ವಿಶೇಷ ರೈಲು’ ಎಂಬುದರಲ್ಲಿ ಊರೂರು ತಿರುಗಿದಾಗ ಈಕೆಯೂ ಜತೆಯಲ್ಲಿ ಹೋದಳು. 1920ರ ಆಗಸ್ಟಿನಲ್ಲಿ ಸಂವಿಧಾನದ ಹತ್ತೊಂಬತ್ತನೆಯ ತಿದ್ದುಪಡಿಯು ಸ್ಥಿರವಾಯಿತು. ಸ್ಕ್ರಿಬ್ನರ್ಸ್ ಲೇಖನಗಳ ಗದ್ಯವು ಸ್ಮರಣಗ್ರಂಥದ ಗದ್ಯಕ್ಕಿಂತ ಚುರುಕಾಗಿರುವುದು. ತನ್ನನ್ನು ತಾನೇ ನೋಡಿ ನಗುವ ಗುಣವು ಅಲ್ಲಿ ಕಾಣಿಸುವುದು; ಚಿತ್ರಗಳ ಮುಂದೆ ನಿಂತಾಗ ಆಕೆ ನಗುವುದು ಕಡಮೆ.

1929ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಉಯಿಲಿನ ಪ್ರಕಾರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ 142 ಕೃತಿಗಳು ಸೇರಬೇಕಾಗಿದ್ದುವು. ಮಕ್ಕಳ ಒಪ್ಪಿಗೆಯಿಂದ ಅದು ಬೆಳೆದು ಎರಡು ಸಾವಿರದ ಹತ್ತಿರಕ್ಕೆ ಹೋಯಿತು. ಎಲ್ಲವನ್ನೂ ಒಂದೇ ಕೊಠಡಿಯಲ್ಲಿ ಇಡಬೇಕು, ಬೇರ್ಪಡಿಸಬಾರದು ಎಂಬಂಥ ಕಟ್ಟಳೆಯನ್ನು ಆಕೆ ವಿಧಿಸಲಿಲ್ಲ. ದಾನವನ್ನು ಕೊಟ್ಟಮೇಲೆಯೂ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದುಕೊಳ್ಳುವ ದಾನಿಗಳನ್ನು ಕಂಡಿರುವ ನಮಗೆ ಈ ನಡತೆ ಸಾತ್ತ್ವಿಕದಾನಕ್ಕೆ ಸಮೀಪವಾಗಿ ಕಾಣುವುದು. ಕೇಳಿಕೊಂಡುದು ಒಂದೇ: ಸಂಗ್ರಹಕ್ಕೆ ತನ್ನ ಗಂಡನ ಹೆಸರು ಇರಬೇಕು. ಇಂದಿಗೂ ಆ ಚಿತ್ರಗಳ ಕೆಳಗೆ ಹೆನ್ರಿ ಹ್ಯಾವ್‌ಮೈಯರನ ಸಂಗ್ರಹವೆಂದೂ, ಆತನ ಪತ್ನಿಯ ಉಯಿಲಿನ ದಾನವೆಂದೂ ಬರೆದಿರುವುದು. ಲೂಯಿಸೀನ್ ಎಂಬ ಹೆಸರು ಇಲ್ಲ.

ಮತದಾರರ ಪಟ್ಟಿಯಲ್ಲಿ ಸ್ತ್ರೀಯ ಹೆಸರು ಬರಬೇಕೆಂದು ಸೆರೆಮನೆಗೆ ಹೋದವಳು ಚಿತ್ರದ ಪಟ್ಟಿಯಿಂದ ತನ್ನ ಹೆಸರನ್ನು ತಾನೇ ಅಳಿಸಿಕೊಂಡಳೆ? ನಮ್ಮ ಮನೆಗಳಲ್ಲಿ ಇದನ್ನು ಪಾತಿವ್ರತ್ಯವೆಂದು ಹೊಗಳುವವರುಂಟು. ಹೊಸಕಾಲದವರು ಇದನ್ನು ವಿರೋಧಾಭಾಸವೆಂದು ಎತ್ತಿತೋರಿಸುವರು. ನಮಗೆ ಎರಡೂ ಸಾಲದೆಂದು ತೋರುವುದು. ಸಕ್ಕರೆಯ ಕೂಟದ ಹೆಸರಿನೊಡನೆ, ತಕ್ಕಡಿಯ ಕಥೆಯೊಡನೆ ಲೋಕವು ನೆನೆಯುತ್ತಿದ್ದ ಗಂಡನ ಹೆಸರನ್ನು ಮನೆಯ ನ್ಯೂಯಾರ್ಕಿನವರು ದಿನವೂ ಎಲ್ ಗ್ರೆಕೋವಿನ ಕೆಳಗೆ ಓದುವಂತೆ ಮಾಡಿದಳು. ಗ್ರಂಥದಲ್ಲಿ ಮೌನದಿಂದ ಮಾಡಿದ ಕೆಲಸವನ್ನು ಉಯಿಲಿನಲ್ಲಿ ದಾನದಿಂದ ಮಾಡಿದಳು. ಪ್ರೀತಿಯ ದೃಷ್ಟಿಯಿಂದ ಅದು ದೊಡ್ಡದು. ಚರಿತ್ರೆಯ ದೃಷ್ಟಿಯಿಂದ ಅದು ಸುಣ್ಣ ಬಳಿದ ಗೋಡೆ. ಆದುದರಿಂದಲೇ ಆಕೆಯ ಉಯಿಲಿಗಿಂತ 1915ರ ಪ್ರದರ್ಶನವನ್ನು ನಾವು ಮೇಲೆಂದು ಎಣಿಸುವೆವು. ಅಲ್ಲಿ ಆಕೆ ತನ್ನ ಹೆಸರಿನಲ್ಲಿಯೇ, ತನ್ನ ಬಾಯಿಂದಲೇ, ನೆಂಟರ ಅಸಮಾಧಾನವನ್ನು ಎದುರಿಗಿಟ್ಟುಕೊಂಡು ಮಾತನಾಡಿದಳು.

ಮಗಳ ಕಥೆಯನ್ನು ಸೇರಿಸದೆ ಈ ವಿಚಾರವು ಪೂರ್ತಿಯಾಗದು. ಎಲೆಕ್ಟ್ರಾ ಎಂಬ ಕೊನೆಯ ಮಗಳು 1888ರಲ್ಲಿ ಹುಟ್ಟಿದಳು. ರೆಂಬ್ರಾಂಟನ ನಡುವೆ ಬೆಳೆದ ಈ ಹುಡುಗಿಯು ಹತ್ತೊಂಬತ್ತರ ಆಸುಪಾಸಿನಲ್ಲಿ ಹೊಗೆಸೊಪ್ಪಿನ ಅಂಗಡಿಯ ಮುಂದೆ ನಿಲ್ಲಿಸುವ ಮರದ ಬೊಂಬೆಯೊಂದನ್ನು ಹದಿನೈದು ಡಾಲರಿಗೆ ಕೊಂಡು ತಂದಳು. ತಾಯಿಯು ಅದನ್ನು ಕಂಡು ದಿಗಿಲುಬಿದ್ದಳಂತೆ. ಇಲ್ಲಿ ತಾಯಿಯು ಅರೋಚಕಿ, ಮಗಳು ಸತೃಣಾಭ್ಯವಹಾರಿ. ಗಾಳಿಯ ದಿಕ್ಕನ್ನು ತೋರಿಸುವ ತಗಡಿನ ಕೋಳಿ, ಚಿಂದಿಬಟ್ಟೆಯ ಕೌದಿ, ಬೇಟೆಗಾರರು ನೀರಿನಲ್ಲಿ ತೇಲಬಿಡುವ ಮರದ ಬಾತು, ಸಾರೋಟು, ಬೊಂಬೆ, ಹೀಗೆ ಅವಳು ಕೂಡಿಸದ ವಸ್ತುವಿಲ್ಲ. 1947ರಲ್ಲಿ ವರ್ಮಾಂಟ್ ಸಂಸ್ಥಾನದ ಶೆಲ್ಬರ್ನ್ ಊರಿನಲ್ಲಿ ಇವುಗಳಿಗಾಗಿ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದಳು. ಹಳೆಯ ಮನೆಗಳನ್ನೂ, ಛಾವಣಿಯುಳ್ಳ ಮರದ ಸೇತುವೆಯನ್ನೂ, ಸರೋವರದ ನಡುವೆ ಇದ್ದ ದೀಪಸ್ತಂಭವನ್ನೂ ಬಿಚ್ಚಿ ತಂದು ಅಲ್ಲಿ ನಿಲ್ಲಿಸಲಾಯಿತು. ಅವುಗಳಲ್ಲಿ ಕಲ್ಲುಹಲಗೆಯ ಹಳೆಯ ಸೆರೆಮನೆಯೂ ಒಂದಿರುವುದನ್ನು ಕಂಡಾಗ, ತಾಯಿಯ ನೆನಪಾಗದೆ ಇರದು. ತಾಯಿಗೆ ಹುಲ್ಲೆಂದು ಕಂಡುದು ಕಾಳೇ ಆಗಿದ್ದಿತೆಂದು ಕಾಲವು ತೋರಿಸಿತು. ಹೆಸರಿಲ್ಲದ ಬಡಗಿಗಳ, ಹೆಸರಿಲ್ಲದ ಹೆಂಗಸರ ಕೈಕೆಲಸವನ್ನು ಕಲೆಯೆಂದು ಇಂದು ಯಾರೂ ಅಲ್ಲಗಳೆಯರು. ರಾಜಶೇಖರನ ವಿಂಗಡಣೆಯು ಈ ಒಂದು ಸ್ಥಳದಲ್ಲಿ ತಿದ್ದುಪಡಿಯನ್ನು ಬೇಡುವುದು. ಎಲ್ಲವನ್ನೂ ತಿನ್ನುವವನ ಬಾಯಿಗೆ ಕೆಲವೊಮ್ಮೆ ಇತರರು ಕಾಣದ ರುಚಿ ದೊರೆಯುವುದು.

ಈಕೆಯ ಸಾಹಸಗಳಲ್ಲಿ ದೊಡ್ಡದು ಟಿಕಾಂಡರೋಗಾ ಎಂಬ ಹಬೆಹಡಗನ್ನು ಉಳಿಸಿದುದು. 1906ರಲ್ಲಿ ಶೆಲ್ಬರ್ನಿನ ರೇವಿನಲ್ಲಿಯೇ ಸಿದ್ಧವಾದ ಈ ಹಡಗಿನ ಉದ್ದ 220 ಅಡಿ. ಎರಡು ಪಕ್ಕಗಳಲ್ಲಿ ನೀರನ್ನು ಮೊಗೆದು ತಳ್ಳುವ ದೊಡ್ಡ ಗಾಲಿಗಳು. ಮೇಲ್ಗಡೆ ನಮ್ಮ ಏತದ ಮರದಂತೆ ಏರಿ ಇಳಿಯುವ ಕಬ್ಬಿಣದ ತೊಲೆ. ಅದನ್ನು ಆಡಿಸುವ ಹಬೆಯಂತ್ರ. ಶಾಂಪ್ಲೇನ್ ಸರೋವರದ ಎರಡು ದಡಗಳ ನಡುವೆ ಜನರನ್ನೂ ದನಗಳನ್ನೂ ಹೈನದ ಸರಕನ್ನೂ ಸಾಗಿಸುತ್ತಿದ್ದಿತು. ರೈಲು, ಮೋಟಾರು, ಸೇತುವೆ ಇವುಗಳ ಮುಂದೆ ಅದಕ್ಕೆ ಬಾಳಲಾಗಲಿಲ್ಲ. ಗುಜರಿಗೆ ಹೋಗುವುದರಲ್ಲಿದ್ದಾಗ ರಾಲ್ಫ್ ನೇಡಿಂಗ್ ಹಿಲ್ ಎಂಬ ಚರಿತ್ರಕಾರನು ಜನರನ್ನು ಎಚ್ಚರಿಸಿದನು. 1951ರಲ್ಲಿ ಎಲೆಕ್ಟ್ರಾ ಅದನ್ನು ಕೊಂಡಳು. ಎರಡು ವರ್ಷ ವಿಹಾರದ ಹಡಗಾಗಿ ಓಡಿಸಿ ನೋಡಿದಳು. ಆದರೆ ಅಂಥ ಯಂತ್ರವನ್ನು ನಡೆಸಬಲ್ಲ ಕುಶಲರೇ ಅಪರೂಪವಾಗಿದ್ದರು. ಯಂತ್ರವಿದ್ದು ಅದನ್ನು ಬಲ್ಲವರಿಲ್ಲದಿರುವುದು, ಗ್ರಂಥವಿದ್ದು ಪಾಠ ಹೇಳುವವರಿಲ್ಲದಿರುವಂತೆ.

ಆಗ ಹಡಗನ್ನು ನೆಲದ ಮೇಲೆ ತರುವುದೆಂದು ನಿಶ್ಚಯವಾಯಿತು. 1954ರಲ್ಲಿ ದಡದ ಬಳಿ ದೊಡ್ಡ ಹೊಂಡವನ್ನು ಅಗೆದು ಸರೋವರದ ನೀರನ್ನು ಬಿಟ್ಟು, ಅದರಲ್ಲಿ ರೈಲಿನ ಚಕ್ರಗಳ ಮೇಲೆ ಕಟ್ಟಿದ ತೊಟ್ಟಿಲಿನಂಥ ಚೌಕಟ್ಟಿನ ಮೇಲಕ್ಕೆ ಹಡಗನ್ನು ತೇಲಿಸಿ ತಂದರು. ಅನಂತರ ನೀರನ್ನು ಹೊರಕ್ಕೆ ಹಾಕಿದರು. ತೂಕ 892 ಟನ್ನು. ನೆಲವು ಹೆಪ್ಪುಗಟ್ಟಿ ಗಟ್ಟಿಯಾಗಿರುವ ಚಳಿಗಾಲದಲ್ಲಿ ಎಳೆಯಬೇಕು, ಕರಗಿದರೆ ಹೂತುಹೋಗುವುದು. ಮುಂದೆ ಕಂಬಿಗಳನ್ನು ಹಾಸುವುದು, ಹಡಗು ದಾಟಿದ ಮೇಲೆ ಹಿಂದಿನ ಕಂಬಿಗಳನ್ನು ಕಿತ್ತು ಮತ್ತೆ ಮುಂದಕ್ಕೆ ತರುವುದು. ಹೀಗೆ ಗದ್ದೆ ಬಯಲುಗಳ ಮೇಲೆ, ಹೆದ್ದಾರಿಯನ್ನೂ ರೈಲುಹಾದಿಯನ್ನೂ ಅಡ್ಡಹಾದು ಎರಡು ಮೈಲಿಗಳ ಪ್ರಯಾಣ. 1955ರ ಏಪ್ರಿಲ್ ಮೊದಲ ವಾರದಲ್ಲಿ ಹಡಗು ಸಂಗ್ರಹಾಲಯದ ಹುಲ್ಲಿನ ಮೇಲೆ ನಿಂತಿತು. ಐದು ವರ್ಷಗಳ ತರುವಾಯ ಎಲೆಕ್ಟ್ರಾ ತೀರಿಕೊಂಡಳು. ಆ ಬಗೆಯ ತೊಲೆಯುಳ್ಳ ಪಕ್ಕದ ಗಾಲಿಯ ಪ್ರಯಾಣದ ಹಡಗುಗಳಲ್ಲಿ ಪೂರ್ತಿಯಾಗಿ ಉಳಿದಿರುವುದು ಇದೊಂದೇ.

ಇದನ್ನು ಜೀರ್ಣೋದ್ಧಾರವೆಂದು ಕರೆಯಬಹುದೆ? ನಮ್ಮ ಆಗಮಗಳ ಪ್ರಕಾರ ಜೀರ್ಣೋದ್ಧಾರವೆಂದರೆ ಶಿಥಿಲವಾದುದನ್ನು ಸರಿಪಡಿಸಿ ಮತ್ತೆ ಪೂಜೆಗೆ ತರುವುದು. ಪೂಜೆ ನಡೆಯದ ಗುಡಿಯನ್ನು ಎಷ್ಟು ಚೆನ್ನಾಗಿ ಕಟ್ಟಿದರೂ ಅದು ಕಟ್ಟಡವೇ. ಆ ಲಕ್ಷಣದಿಂದ ನೋಡಿದರೆ ಇದು ರಕ್ಷಣೆಯೇ ಹೊರತು ಉದ್ಧಾರವಲ್ಲ. ಒಲೆಯಲ್ಲಿ ಕಲ್ಲಿದ್ದಲಿಲ್ಲ, ತೊಲೆ ಏರುವುದಿಲ್ಲ, ಗಾಲಿಯ ಕೆಳಗೆ ನೀರಿಲ್ಲ. ಚಿತ್ರವನ್ನು ಗೋಡೆಯಿಂದ ಗೋಡೆಗೆ ಸಾಗಿಸಿದರೆ ಅದು ಚಿತ್ರವಾಗಿಯೇ ಉಳಿಯುವುದು. ನೌಕೆಯನ್ನು ನೀರಿನಿಂದ ತೆಗೆದರೆ ಅದರ ಕ್ರಿಯೆ ಹೋಗಿ ಆಕಾರ ಉಳಿಯುವುದು. ತಾಯಿಯ ಆಟಿಗೆಯಂಥ ರಾಜ್ಯನೌಕೆಗೆ ಇದ್ದ ಚಲನೆ ಮಗಳ ನಿಜವಾದ ಹಡಗಿಗೆ ಇಲ್ಲ. ಆದರೂ ಎಲೆಕ್ಟ್ರಾಳನ್ನು ಆಕ್ಷೇಪಿಸಲು ನಮಗೆ ಮನಸ್ಸು ಬಾರದು. ಅವಳ ಮುಂದೆ ಇದ್ದುದು ಓಡುವ ಹಡಗು, ನಿಂತ ಹಡಗು ಎಂಬ ಎರಡರಲ್ಲಿ ಆಯ್ಕೆಯಲ್ಲ; ನಿಂತ ಹಡಗು, ತುಂಡುಮಾಡಿ ಮಾರಿದ ಕಬ್ಬಿಣ ಎಂಬ ಎರಡರಲ್ಲಿ. ಓಡಿಸಲು ಅವಳು ಮೊದಲು ಪ್ರಯತ್ನಿಸಿದಳೆಂಬುದನ್ನೂ ಮರೆಯಬಾರದು. ಈಗ ಅಲ್ಲಿ ಹಡಗನ್ನು 1923ರಲ್ಲಿದ್ದ ಸ್ಥಿತಿಯಲ್ಲಿ ತೋರಿಸುತ್ತಿರುವರು. ಊಟದ ಮನೆ, ಮಲಗುವ ಕೊಠಡಿಗಳು, ಕೆಳಗಡೆ ಇದ್ದಲು ಹಾಕುವವರು ಬೆವರುಸುರಿಸುತ್ತಿದ್ದ ಸ್ಥಳ ಎಲ್ಲವನ್ನೂ ನಡೆದು ನೋಡಬಹುದು.

ತಾಯಿಯಿಂದ ಬಂದ ಫ್ರೆಂಚ್ ಚಿತ್ರಗಳಲ್ಲಿ ಕೆಲವನ್ನು ಎಲೆಕ್ಟ್ರಾ ಉಳಿಸಿಕೊಂಡಿದ್ದಳು. ಅವೂ ಶೆಲ್ಬರ್ನಿಗೆ ಸೇರಿದುವು. ಸಂಗ್ರಹಗಳ ಪಾಲನೆಗೆ ನಿಧಿ ಬೇಕೆಂದು 1996ರಲ್ಲಿ ಸಂಗ್ರಹಾಲಯದವರು ಅವುಗಳಲ್ಲಿ ಕೆಲವನ್ನು ಹರಾಜಿನಲ್ಲಿ ಮಾರಿದಾಗ ಆ ದೇಶದಲ್ಲಿ ದೊಡ್ಡ ಚರ್ಚೆ ನಡೆಯಿತು. ದೆಗಾನನ್ನು ಮಾರಿ ಕೌದಿ ಬೊಂಬೆಗಳನ್ನು ಕಾಯುವುದು ಸರಿಯೆ ಎಂಬುದು ಪ್ರಶ್ನೆ. ತಾಯಿಯ ಪಕ್ಷದಿಂದ ನೋಡಿದರೆ ಅನ್ಯಾಯ, ಮಗಳ ಪಕ್ಷದಿಂದ ನೋಡಿದರೆ ಅನಿವಾರ್ಯ. ಚಿತ್ರಕ್ಕೆ ಹೊಸ ಒಡೆಯನು ದೊರೆಯುವನು, ಅದು ಎಲ್ಲಿಯಾದರೂ ಇರುವುದು. ಎರಡು ಮೈಲಿ ನೆಲದ ಮೇಲೆ ಎಳೆದುತಂದ ಹಡಗನ್ನು ಮತ್ತಾರೂ ಕೊಳ್ಳಲಾರರು. ಆದುದರಿಂದ ನಮ್ಮ ಮತವು ಮಾರಿದವರ ಕಡೆಗಿರುವುದು, ಸಂತೋಷದಿಂದಲ್ಲದಿದ್ದರೂ.

ಈ ವಿಷಯದಲ್ಲಿ ಆಸಕ್ತಿಯುಳ್ಳವರು ಮೊದಲು 1922ರ ಎರಡು ಲೇಖನಗಳನ್ನು ಓದಿ, ಆಮೇಲೆ ಸ್ಮರಣಗ್ರಂಥವನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಗ್ರಂಥವನ್ನೇ ಮೊದಲು ಓದಿದವರಿಗೆ ಈಕೆ ಭಾಗ್ಯವಂತರ ಮನೆಯ ಒಬ್ಬ ರಸಿಕಳಾಗಿ ಮಾತ್ರ ಕಾಣುವ ಸಂಭವವುಂಟು.